ಸನ್ನೆ

ಸೊಹಾರ್ ಬಂದರಿನಲ್ಲಿ ಇಪ್ಪತ್ತೆರಡು ವರ್ಷ
ಕ್ರೇನಿನ ಕೆಳಗೆ ನಿಂತು ಸನ್ನೆ ಮಾಡಿದವರು ಇದಿನಬ್ಬ.
ತೋರುಬೆರಳು ಮೇಲೆತ್ತಿ ತಿರುಗಿಸಿದರೆ: ಎತ್ತು.
ಎರಡೂ ತೋಳು ಚಾಚಿದರೆ: ನಿಲ್ಲು.
ಮಾತು ನಡೆಯದು ಅಲ್ಲಿ, ಗಾಳಿ.

ಈಗ ಅವರ ಶ್ವಾಸಕೋಶದ ಚೂರು
ನನ್ನ ಗಾಜಿನ ಮೇಲೆ, ನೇರಳೆ ಬಣ್ಣದಲ್ಲಿ.

"ಒಳಗೆ ಯಾರು ಸನ್ನೆ ಮಾಡುವುದು?" ಕೇಳಿದರು.
ಯಾರೂ ಇಲ್ಲ, ಇದಿನಬ್ಬಾಕ.
ಕೋಶದ ಹೊರಗೋಡೆಯಲ್ಲಿ ಒಂದು ಕೈ;
ಹೊರಗಿಂದ ಸುದ್ದಿ ಬಂದಾಗಷ್ಟೇ ಏಳಬೇಕಾದ್ದು.
ಒಂದಕ್ಷರ ತಪ್ಪಿ, ಎತ್ತಿದಂತೆಯೇ ಮರಗಟ್ಟಿದೆ.
ಒಳಗಿನವರು ಪಾಪ, ಒಬ್ಬರ ಕಿವಿಗೊಬ್ಬರು ಊದುತ್ತ
ನಡುಕೋಣೆಯವರೆಗೆ ಅದನ್ನೇ ಮುಟ್ಟಿಸುತ್ತಾರೆ: ಎತ್ತು, ಎತ್ತು.
ಆಮೇಲೆ ಹಿಡಿತ ಸಡಿಲ. ನೆರೆಯವನ ಹೆಗಲು ಬಿಟ್ಟು
ಒಂದೊಂದೇ ಇಳಿಯುತ್ತವೆ ನೆತ್ತರಿಗೆ,
ಪಾಸ್‌ಪೋರ್ಟಿಲ್ಲದೆ, ಬೆನ್ನೆಲುಬಿಗೆ, ತಲೆಗೆ.

ಅವರು ನಕ್ಕರು. ಕೆಮ್ಮಿದರು.
"ನನ್ನದಿನ್ನೂ ಕಫೀಲನ ಕಪಾಟಿನಲ್ಲಿದೆ.
ಇವಕ್ಕೆ ಬೇಕೇ ಇಲ್ಲವಲ್ಲ!"

ದಿನಕ್ಕೊಂದು ಮಾತ್ರೆ: ಎದ್ದ ಕೈಯನ್ನು ಹಿಡಿದುಕೊಳ್ಳುವುದು.
ಎಷ್ಟು ದಿನ, ಅವರು ಕೇಳಲಿಲ್ಲ; ನಾನೂ ಹೇಳಲಿಲ್ಲ.

ಲ್ಯಾಬ್ ಮುಚ್ಚಿ ಹೊರಟಾಗ ವಾರ್ಡಿನ ಕಿಟಕಿ.
ದೂರದ ಕ್ರೇನಿನ ಕೆಂಪು ದೀಪದ ಕಡೆಗೆ
ನಿದ್ದೆಯಲ್ಲೋ ಎಚ್ಚರದಲ್ಲೋ
ಇದಿನಬ್ಬ ಎರಡೂ ತೋಳು ಚಾಚಿದ್ದರು,
ಒಂದರಲ್ಲಿ ಸಲೈನಿನ ಸೂಜಿ.