ಬಾಣಂತನ

ಮನೆ ಕಟ್ಟಿ ನೋಡು ಎಂದವರು
ಕಟ್ಟಿದ ಮೇಲೆ ನೋಡು ಎನ್ನಲಿಲ್ಲ.

ಲುಲಿಯೊ ಊರಿನ ಹೊರಗೆ, ಹಿಮ ಹೊತ್ತ ಪೈನುಗಳ ನಡುವೆ
ಮರದ್ದೇ ಒಂದು ಶಾಲೆ.
ಗೋಡೆಯೊಳಗೆ ಮೊಳದಷ್ಟು ದಪ್ಪ ನಾರು,
ಕಿಟಕಿಗೆ ಮೂರು ಪದರ ಗಾಜು.
ರಿಬ್ಬನ್ ಕತ್ತರಿಸಿದ ಮೇಯರ್ ಹೇಳಿದ್ದರು:
"ಇದು ತನ್ನಷ್ಟಕ್ಕೆ ತಾನೇ ಉಸಿರಾಡುತ್ತದೆ."
ಚಪ್ಪಾಳೆ. ಕೇಕು. ಗೋಡೆಗೊಂದು ಫಲಕ.
ಎಂಟು ನೂರು ಪುಟದ ಕೈಪಿಡಿ
ಬೀರುವಿನೊಳಗೆ ಹೋಗಿ ಬೀಗ ಹಾಕಿಸಿಕೊಂಡಿತು.

ಎರಡನೇ ಚಳಿಗಾಲ.
ಬೋಡಿಲ್ ಬಂದಿದ್ದಾಳೆ,
ಗಾಳಿ ಕೊಳವೆಗಳ ನಕ್ಷೆ ಬರೆದವಳು.
ಯಾರೂ ಕರೆದಿಲ್ಲ; ಕರೆಯುವ ಬಾಬತ್ತಿಗೆ
ಲೆಕ್ಕದ ಪುಸ್ತಕದಲ್ಲಿ ಸಾಲೇ ಇಲ್ಲ.
ಹೇಳಿ ಕಳಿಸಿದ್ದು ಬಿಲ್ಲು:
ಅಂದಾಜಿಗಿಂತ ಕಾಲುಪಾಲು ಹೆಚ್ಚು.

ಉಸ್ತುವಾರಿ ಸ್ತೂರೆ ಬೀಗದ ಕೈ ಗಲಗಲಿಸುತ್ತ ಮುಂದೆ ಮುಂದೆ.
"ಹಳೇ ಬಾಯ್ಲರ್ ಕೆಮ್ಮಿದರೆ ನನಗೆ ತಿಳೀತಿತ್ತು.
ಇದು ಕೆಮ್ಮೋದೇ ಇಲ್ಲ. ಪರದೆ ಮೇಲೆ
ಯಾವಾಗ ನೋಡಿದರೂ ಹಸಿರು."

ನಾಲ್ಕನೇ ತರಗತಿಯಲ್ಲಿ
ಗುನ್ವೊರ್ ಟೀಚರು ಗಾಳಿಕಿಂಡಿಗೆ ರಟ್ಟು ಅಂಟಿಸಿದ್ದಾರೆ.
ಕತ್ತಿನ ಹಿಂದೆ ಯಾರೋ ತಣ್ಣಗೆ ಊದಿದ ಹಾಗಾಗುತ್ತಂತೆ.
ರಟ್ಟಿನ ಮೇಲೆ ಮಕ್ಕಳು ಬರೆದ ಕರಡಿ,
ಅದಕ್ಕೆ ಮೂಗಿದೆ, ಹೊಳ್ಳೆಗಳಿಲ್ಲ.
ಮಧ್ಯಾಹ್ನ ಒಂದೂವರೆಗೇ ಹೊತ್ತು ಮುಳುಗಿ
ಮಕ್ಕಳು ಸಾಲಾಗಿ ಆಕಳಿಸುತ್ತವೆ.
ಬೋಡಿಲಳ ಅಂಗೈಯ ಯಂತ್ರ
ಗಾಳಿಯನ್ನು ಮೂಸಿ ಎರಡು ಸಾವಿರ ಎಂದಿತು.

ಅವಳು ಬೈಯಲಿಲ್ಲ.
ರಟ್ಟಿನ ಒಂದು ಮೂಲೆ ಬಿಡಿಸಿ
ಟೀಚರ ಕುರ್ಚಿಯಲ್ಲಿ ಕೂತಳು,
ತನ್ನ ಕತ್ತು ತಣ್ಣಗಾಗುವ ತನಕ.
"ನಿಜ" ಎಂದಳು.
ನಕ್ಷೆಯಲ್ಲಿ ಕುರ್ಚಿ ಇರಲಿಲ್ಲ.

ಬಿಲ್ಲಿನ ಗಂಟು ಬಿಚ್ಚಿದ್ದು ಹಿಬಾಕ್,
ಬೆಳಗಿನ ಜಾವ ನಾಲ್ಕಕ್ಕೆ ನೆಲ ಒರೆಸುವವಳು,
ಈ ತನಕ ಯಾರೂ ಏನೂ ಕೇಳದವಳು.
"ಸೋಮವಾರ ಆಟದ ಹಾಲಿಗೆ ಬಂದರೆ ಕೋಟು ಬಿಚ್ಚಿಡ್ತೀನಿ.
ಅಷ್ಟು ಬಿಸಿ. ಒಳಗೆ ನರಪಿಳ್ಳೆ ಇರಲ್ಲ.
ಹೊಸ ಕಟ್ಟಡ, ಅದರ ಸ್ವಭಾವ ಅಂದುಕೊಂಡೆ."

ಗಡಿಯಾರದ ಹೊಟ್ಟೆಯೊಳಗೆ ಹುಡುಕಿದರು.
ಉದ್ಘಾಟನೆ ಒಂದು ಭಾನುವಾರ;
ಅತಿಥಿಗಳಿಗೆ ಚಳಿಯಾಗದಿರಲೆಂದು ಯಾರೋ ಒತ್ತಿದ ಗುಂಡಿ.
ಒತ್ತಿದವನು ಈಗ ಬೇರೆ ಊರು, ಬೇರೆ ಕೆಲಸ.
ಅರವತ್ತೆಂಟು ಭಾನುವಾರ ಆ ಹಾಲು
ಮೇಯರಿಗಾಗಿ ಕಾದಿತ್ತು,
ಎರಡೂ ಅರ್ಥದಲ್ಲಿ.

ಸ್ತೂರೆ ನಕ್ಕ ನಗುವಿಗೆ ಬೀಗದ ಕೈಗಳೆಲ್ಲ ಕುಣಿದವು.

ಹೆರಿಗೆಗೆ ಊರೇ ಸೇರಿತ್ತು.
ತೊಟ್ಟಿಲಿಗೆ ಹೂ ಕಟ್ಟಿ, ಹೆಸರಿಟ್ಟು, ಉಂಡು ಹೊರಟಿತು.
ಎಣ್ಣೆ ನೀರು ಹಾಕಿ, ಕಿವಿಗೆ ಹತ್ತಿ ಇಟ್ಟು,
ಕೂಸು ಯಾಕೆ ಅಳುತ್ತಿದೆ ಎಂದು
ರಾತ್ರಿಯೆಲ್ಲ ಕೂರುವ ಕೆಲಸಕ್ಕೆ
ಟೆಂಡರು ಕರೆದಿರಲಿಲ್ಲ.

ಕಿಂಡಿಯ ರೆಕ್ಕೆಯನ್ನು ಬೋಡಿಲ್
ಸ್ಕ್ರೂಡ್ರೈವರಿನ ಅರ್ಧ ಸುತ್ತಿಗೆ ಮೇಲಕ್ಕೆ ತಿರುಗಿಸಿದಳು.
ಕರಡಿಯನ್ನು ಕೊಡೆವು ಎಂದು ಮಕ್ಕಳು ಗಲಾಟೆ ಮಾಡಿದ್ದಕ್ಕೆ
ಅದು ಎದುರು ಗೋಡೆಗೆ ಹೋಯಿತು;
ಟೂವ ಎಂಬ ಹುಡುಗಿ ಅದಕ್ಕೆರಡು ಹೊಳ್ಳೆ ತೋಡಿದಳು.
ಮೂರನೇ ತರಗತಿಯ ಪರದೆ ಮಾತ್ರ
ಇನ್ನೂ ಪಾಠದ ನಡುವೆ ತಾನೇ ಇಳಿಯುತ್ತದೆ,
ಇಲ್ಲದ ಬಿಸಿಲಿಗೆ ಹೆದರಿ.
ಅದಕ್ಕೆ ಮಾರ್ಚಿನಲ್ಲಿ ಬರುತ್ತೇನೆ ಎಂದಳು.

ಹೋಗುವ ಮುಂಚೆ ಬೀರು ತೆಗೆಸಿ
ಕೈಪಿಡಿಯನ್ನು ಅಲ್ಲೇ ಬಿಟ್ಟು
ಖಾಲಿ ನೋಟ್‌ಬುಕ್ಕೊಂದನ್ನು ನೆಲ ಒರೆಸುವ ಕೋಲಿನ ಪಕ್ಕ
ದಾರ ಕಟ್ಟಿ ತೂಗುಹಾಕಿದಳು.

ಮೊದಲ ಸಾಲು, ಓರೆ ಅಕ್ಷರ, ಹಿಬಾಕಳದು:
ಸೋಮವಾರ. ನಾಲ್ಕು ಗಂಟೆ.
ಇವತ್ತು ಕೋಟು ಬಿಚ್ಚಲಿಲ್ಲ.