ನೆತ್ತಿಯ ಗಂಟು

ಚಕ್ರದ ನೆತ್ತಿಗೊಂದು ಗಂಟು ಹಾಕ್ಕೊಡವ್ವ ಅಂದ ಬೋರಲಿಂಗಣ್ಣ,
ಕನ್ನಂಬಾಡಿ ಹಿನ್ನೀರಿನಲ್ಲಿ ದೋಣಿ
ಗಿರಾಕಿಯಿಲ್ಲದೆ ದಡಕ್ಕೆ ಮೈ ಉಜ್ಜುತ್ತಿದ್ದ ಮಧ್ಯಾಹ್ನ.
ಯಾಕಣ್ಣ?
ಚೆಂದಕ್ಕೆ.

ನಾನು ಟಿಕೆಟ್ ಹರಿಯುವವಳು.
ತಲೆಗೆ ಎಂಬತ್ತು, ಮಕ್ಕಳಿಗೆ ಅರ್ಧ, ಚಿಲ್ಲರೆ ಕೊಟ್ಟರೆ ಪುಣ್ಯ.
ಅವನಿಗೆ ಗೊತ್ತಿತ್ತು, ಹಗ್ಗದವರ ಮನೆಯ ಹುಡುಗಿ ಅಂತ.
ಅಪ್ಪ ಪಾಂಡವಪುರದ ಸಂತೆಯಲ್ಲಿ
ಕಣ್ಣಿ, ಮೂಗುದಾರ, ಬಾರುಕೋಲಿನ ಜಡೆ,
ಎತ್ತಿನ ಕೊಂಬಿಗೆ ಸುತ್ತುವ ಬಣ್ಣದ ಹುರಿ ಮಾರುತ್ತಿದ್ದ.
ಟ್ರ್ಯಾಕ್ಟರಿಗೆ ಮೂಗೆಲ್ಲಿ ಅಂತ ನಗುತ್ತಿದ್ದ,
ನಗುತ್ತಲೇ ಅಂಗಡಿ ಎತ್ತಿದ.

ಬೋರಲಿಂಗಣ್ಣ ನೈಲಾನು ತಂದಿದ್ದ. ಬೇಡ ಅಂದೆ,
ಅದಕ್ಕೆ ನೆನಪಿಲ್ಲ,
ಸಂಜೆ ಬಿಗಿದದ್ದನ್ನು ಬೆಳಗಾಗುವಷ್ಟರಲ್ಲಿ ಮರೆಯುತ್ತದೆ.
ನೂಲಿನ ಹುರಿ ತರಿಸಿದೆ. ನೆನೆಸಿ, ಒಣಗಿಸಿ, ಮೇಣ ತೀಡಿ
ಕಾಲು ಮಡಚಿ ಕೂತೆ.

ಒಂದರ ಮೇಲೆ, ಒಂದರ ಕೆಳಗೆ,
ಸುತ್ತಿ ಬಂದು ತನ್ನ ಹೆಜ್ಜೆಯನ್ನೇ ತಾನು ದಾಟಿ
ಮತ್ತೆ ಒಂದರ ಮೇಲೆ.
ಕೊಂಬಿನ ಗಂಟೇ ಇದು. ಆದರೆ ಕೊಂಬಿಗೊಂದು ತುದಿಯಿದೆ,
ಬೆರಳ ಮೇಲೆ ಹೆಣೆದು ಆಮೇಲೆ ತೊಡಿಸಬಹುದು.
ಚಕ್ರಕ್ಕೆ ತುದಿಯೆಲ್ಲಿ?
ಅದರ ಮೈಮೇಲೇ ಹೆಣೆಯಬೇಕು,
ಕೈಗೆ ಹಾಕಿಕೊಂಡೇ ಬಳೆ ಮಾಡಿದ ಹಾಗೆ.
ದಬ್ಬಣದಲ್ಲಿ ಎಳೆಯೆಳೆ ಎತ್ತಿ ಬಿಗಿದೆ.
ಮೊದಲೆಲ್ಲಿ, ಕೊನೆಯೆಲ್ಲಿ
ಕೊನೆಗೆ ನನಗೇ ಸಿಗಲಿಲ್ಲ.

ಅವನು ಹೆಬ್ಬೆರಳಾಡಿಸಿದ.
ಒಂದಂಗುಲ ಎಡಕ್ಕೆ ಬರಲಿ, ಅಂದ.
ಗಂಟು ನೆತ್ತಿಗೆ ಬಂದಾಗ ಹಿಂದೆ ನೀರೊಳಗೆ
ಚುಕ್ಕಾಣಿ ನೆಟ್ಟಗಿರಬೇಕಂತೆ.
ಚೆಂದಕ್ಕೆ ಇಷ್ಟೊಂದು ಲೆಕ್ಕವೇ!
ಗೊಣಗಿಕೊಂಡು ಬಿಚ್ಚಿದೆ, ಇನ್ನರ್ಧ ದಿನ ಹೋಯಿತು.

ತಪಾಸಣೆಗೆ ಬಂದ ಸಾಹೇಬರು ಕೇಳಿದರು,
ಏನ್ರೀ ಇದು, ಮದುವೆ ಕಾರಾ?
ಬೋರಲಿಂಗಣ್ಣ ಅವರ ಮುಖದ
ತುಸು ಪಕ್ಕಕ್ಕೆ ನೋಡಿ ನಕ್ಕ.

ಆವತ್ತು ಮಂಜಿರಲಿಲ್ಲ. ಕತ್ತಲಾಗಿರಲಿಲ್ಲ.
ಧನುರ್ಮಾಸದ ಹಳದಿ ಬಿಸಿಲು ನೀರ ತುಂಬ.
ಎದುರಿಗೆ ಯಾರದೋ ಬಲೆ ತೇಲಿಸಿದ ಥರ್ಮಾಕೋಲಿನ ಸಾಲು,
ಹಾಲಿನಷ್ಟು ಬಿಳಿ,
ಕೂಸಿಗೂ ಕಾಣುವ ಹಾಗೆ.
ದೋಣಿ ನೆಟ್ಟಗೆ ಅದರ ಮೇಲೇ ಹೋಗುತ್ತಿತ್ತು.
ಅಣ್ಣಾ! ಅಂದೆ.
ಚಕ್ರ ಗರ್ರನೆ ತಿರುಗಿತು, ಯಾರದೋ ಪಾಪ್‌ಕಾರ್ನು ಚೆಲ್ಲಿತು,
ಆಮೇಲೆ ಅವನ ಹೆಬ್ಬೆರಳು
ಚಕ್ರದ ಅಂಚಿನಲ್ಲಿ ತಡಕುತ್ತ ತಡಕುತ್ತ ಬಂದು
ನನ್ನ ಗಂಟಿನ ಮೇಲೆ ಕೂತಿತು.
ದೋಣಿ ನೆಟ್ಟಗಾಯಿತು.

ಎಷ್ಟು ದಿನದಿಂದ ಅಂತ ಕೇಳಲಿಲ್ಲ.
ಇಂಜಿನ್ನು ಆರಿಸಿದ ಮೇಲೆ ತಾನಾಗಿ ಅಂದ:
ಯುಗಾದಿಗೆ ಬಿಡ್ತೀನಿ ಕಣವ್ವ.
ಯುಗಾದಿಗೆ ಇನ್ನು ಮೂರು ತಿಂಗಳು.
ದಿನಕ್ಕೆ ಏಳು ಸುತ್ತು, ಸುತ್ತಿಗೆ ಹನ್ನೆರಡು ಜನ.
ರಾತ್ರಿ ಚಾಪೆಯ ಮೇಲೆ ಗುಣಿಸುತ್ತೇನೆ, ಬಗೆಹರಿಯುವುದಿಲ್ಲ.
ಕಗ್ಗಂಟಿಗೆ ದಬ್ಬಣವಿದೆ, ಇದಕ್ಕೆ?

ಈಗ ಜಾಕೆಟ್ಟಿನ ದಾರ ನಾನೇ ಕಟ್ಟುತ್ತೇನೆ ಎಲ್ಲರಿಗೂ,
ಎಳೆದರೆ ಜಾರುವ ಜೀರುಗುಣಿಕೆಯಲ್ಲ,
ಎತ್ತು ಜಗ್ಗಿದರೂ ಸಡಿಲದ್ದು.
ಉಸಿರು ಕಟ್ತದೆ ಅಂತ ಹೆಂಗಸರು ಬೈಯುತ್ತಾರೆ.
ವೇಗದ ಹಿಡಿಗೂ ಒಂದು ಸಣ್ಣ ಗಂಟು ಹೆಣೆದೆ, ಕೇಳದೆಯೇ.
ಅವನು ಮುಟ್ಟಿ ನೋಡಿದ. ಇದ್ಯಾಕೆ?
ಚೆಂದಕ್ಕೆ, ಅಂದೆ.

ಟಿಕೆಟ್ ಚೀಲ ಹಿಂದೆ ಇಟ್ಟು
ಮುಂದೆ, ಮೂತಿಯ ಬಳಿ ನಿಲ್ಲುತ್ತೇನೆ.
ನೋಡೀ ನೋಡೀ, ಎಡಗಡೆ ಬಂಡೆ ಮೇಲೆ ನೀರುಕಾಗೆ!
ಅಂತ ಗಂಟಲು ಹರಿಯುವ ಹಾಗೆ ಕೂಗುತ್ತೇನೆ.
ಕೆಲವು ಸಲ ಬಂಡೆಯಷ್ಟೇ ಇರುತ್ತದೆ.
ಹನ್ನೆರಡು ತಲೆ ಎಡಕ್ಕೆ ತಿರುಗುತ್ತವೆ,
ದೋಣಿ ಬಲಕ್ಕೆ.