ಉಪ್ಪಿನ ಕೋಣೆ

ನಾಲ್ಕೂ ಹತ್ತರ ಹಡಗು ತಪ್ಪಿತು.
ಇನ್ನು ಆರು ಗಂಟೆಯದೇ.
ಅದಕ್ಕೇ ಮತ್ತೊಂದು ಸಲ ಒಳಗೆ ಹೋದೆ.
ಟಿಕೆಟ್ಟಿನ ಹುಡುಗ ದುಡ್ಡು ಕೇಳಲಿಲ್ಲ, ನಕ್ಕ,
ಶೂ ಗೂಡಿನ ಬೀಗದ ಕೈ ಮತ್ತೆ ಅದನ್ನೇ ಕೊಟ್ಟ: ಮೂವತ್ತೇಳು.

ಗುಡ್ಡದ ಹೊಟ್ಟೆ ಬಗೆದು ಕಟ್ಟಿದ ಮ್ಯೂಸಿಯಂ.
ಹೊರಗಿನಿಂದ ಹುಲ್ಲು, ಒಂದು ಕಾಂಕ್ರೀಟು ಬಾಯಿ,
ಬಾಯೆದುರು ಮೈ ನೆಕ್ಕಿಕೊಳ್ಳುವ ಬೆಕ್ಕು.
ಒಳಗೆ ಇಳಿಜಾರು. ಬರಿಗಾಲಿನ ನಿಯಮ ಇಲ್ಲ, ಕಾಲುಚೀಲ ಸಾಕು.
ನನ್ನ ಚೀಲದ ತೂತಿನಿಂದ
ಹೆಬ್ಬೆರಳೊಂದು ಮಾತ್ರ
ನೆಲವನ್ನು ನೇರವಾಗಿ ಮಾತಾಡಿಸುತ್ತ ಬರುತ್ತದೆ.

ಮೊದಲ ಕೋಣೆಯಲ್ಲಿ ಏನೋ ತಿರುಗುತ್ತಿತ್ತು, ತಿಳಿಯಲಿಲ್ಲ.
ಎರಡನೆಯದು ಕತ್ತಲೆ; ಯಾರಿಗೋ ಡಿಕ್ಕಿ ಹೊಡೆದೆ,
ಇಬ್ಬರೂ ಅವರವರ ಭಾಷೆಯಲ್ಲಿ ಕ್ಷಮೆ ಕೇಳಿಕೊಂಡೆವು.
ಮೂರನೆಯದು ಉಪ್ಪು.

ನೆಲದಿಂದ ಸೂರಿನವರೆಗೆ ಇಟ್ಟಿಗೆ ಇಟ್ಟಿಗೆಯಾಗಿ ಉಪ್ಪು.
ಮೇಲೊಂದು ಸೀಳು, ಅಲ್ಲಿಂದ ಇಳಿದ ಬೆಳಕು
ಗೋಡೆಯ ಮೇಲೆ ಹಲ್ಲಿಯ ಹಾಗೆ
ನಿಂತೂ ನಿಲ್ಲದೆ ಸರಿಯುತ್ತದೆ.
ಕಲಾವಿದ ರಾಟರ್‌ಡ್ಯಾಮಿನವನು.
ಕೃತಿಯ ಹೆಸರು 'ದ್ವೀಪದ ನೆನಪು'.
ಕೆಳಗೆ: ಮುಟ್ಟಬೇಡಿ.

ಮೂಲೆಯಲ್ಲಿ, ಮಡಿಸುವ ಕುರ್ಚಿಯಲ್ಲಿ, ಹಮಸಾಕಿ ತೊವಾಕೊ.
ಎಪ್ಪತ್ತೆಂಟು. ಬಿಳಿ ಕೈಗವಸು. ಮಡಿಲಲ್ಲಿ ಟವೆಲು.
ಜೂನ್ ತಿಂಗಳು; ಗೋಡೆ ಬೆವರುತ್ತದೆ.
ಗೋಡೆಯ ಬೆವರು ಒರೆಸುವಂತಿಲ್ಲ ಆಕೆ,
ಹರಿದು ನೆಲಕ್ಕೆ ಬಂದದ್ದನ್ನು ಮಾತ್ರ.
ಅಲ್ಲಿಯವರೆಗೆ ಅದು ಕಲೆ.
ನೆಲ ಮುಟ್ಟಿದ ಮೇಲೂ ಕಲೆಯೇ,
ಒರೆಸಬೇಕಾದ ಕಲೆ.

ನಮ್ಮಿಬ್ಬರ ನಡುವೆ ನನ್ನ ಫೋನು ದುಭಾಷಿ.
ಕಿವಿ ಮಂದವಾದ ಅತ್ತಿಗೆಗೆ ಹೇಳುವಂತೆ
ಅದಕ್ಕೆ ಬಾಗಿ, ದೊಡ್ಡದಾಗಿ, ಬಿಡಿಸಿ ಬಿಡಿಸಿ ಹೇಳುತ್ತಾಳೆ.
ಈ ಗುಡ್ಡದ ಬುಡದಲ್ಲೇ ಉಪ್ಪಿನಾಗರ ಇತ್ತು.
ಅಪ್ಪ ಅಲ್ಲಿ ಮರಳು ಕೆರೆಯುತ್ತಿದ್ದರು, ನೀರೆರೆದು ಮತ್ತೆ ಕೆರೆಯುತ್ತಿದ್ದರು.
ಫೋನು ಹೇಳಿತು: 'ತಂದೆ ಕಡಲಿನ ತಲೆ ಬಾಚುತ್ತಿದ್ದರು.'
ತಿದ್ದಲು ನಾನು ಯಾರು.

ಆಮೇಲೆ ಯಂತ್ರ ಬಂತು. ಸರ್ಕಾರ ಸಾಕು ಅಂದಿತು.
ಅಪ್ಪ ತಮ್ಮ ಕುಂಟೆಯನ್ನು ಸೀಳಿ ಸ್ನಾನದ ನೀರು ಕಾಯಿಸಿದರು.
ಆ ನೀರಿಗೆ ಮೊದಲು ಅಪ್ಪ, ಆಮೇಲೆ ಅಣ್ಣ,
ಕೊನೆಗೆ ಈಕೆ.
ಅಷ್ಟು ಹೊತ್ತಿಗೆ ಎಷ್ಟು ಬಿಸಿ ಉಳಿದಿತ್ತು ಎಂದು
ಕೇಳಬೇಕೆನಿಸಿತು, ಕೇಳಲಿಲ್ಲ.

ಆಕೆ ಬಾಗಿಲ ಕಡೆ ನೋಡಿದಳು.
ಫೋನನ್ನು ನನ್ನ ಅಂಗೈಯಲ್ಲೇ ಕವುಚಿದಳು.
ಬಲಗೈ ಗವಸನ್ನು ಬೆರಳು ಬೆರಳಾಗಿ ಕಳಚಿ
ನೆಲಕ್ಕೆ ಇನ್ನೆರಡು ಅಂಗುಲವಿದ್ದ ಹನಿಯೊಂದನ್ನು
ಕಿರುಬೆರಳಿಂದ ತೆಗೆದು ನಾಲಿಗೆಗಿಟ್ಟಳು.
ತಲೆ ಅಲ್ಲಾಡಿಸಿದಳು.
ಕೈಯನ್ನು ಗುಡ್ಡದಾಚೆಗೆ, ಕಡಲಾಚೆಗೆ ಬೀಸಿದಳು:
ಇಲ್ಲಿಯದಲ್ಲ.
ಮತ್ತೆ ಹಾಗಲಕಾಯಿ ಕಚ್ಚಿದವಳಂತೆ ಮುಖ ಹಿಂಡಿ ತೋರಿಸಿದಳು.
ಈ ಮುಖ ಬರಬೇಕಿತ್ತು, ನಮ್ಮದಾಗಿದ್ದರೆ,
ಹಿಂದಿನಿಂದ ಸಣ್ಣಗೆ ಒಂದು ಕಹಿ.

ನಾನೂ? ಎಂದು ಕಣ್ಣಲ್ಲೇ ಕೇಳಿದೆ.
ಗವಸು ತೊಟ್ಟಳು. ಎದ್ದು ನಿಂತಳು.
ಸೊಂಟದಿಂದ ಬಾಗಿ, ಕೆಲಸದ ದನಿಯಲ್ಲಿ
ಏನೋ ಒಂದು ಮಾತು ಅಂದಳು.
ಅದಕ್ಕೆ ಫೋನು ಬೇಕಾಗಲಿಲ್ಲ.

ಉಪ್ಪಿನ ಋಣ ಎನ್ನುತ್ತೇವೆ ನಾವು.
ಯಾವ ಉಪ್ಪಿನದು ಎಂದು ಯಾರೂ ಕೇಳುವುದಿಲ್ಲ,
ಸಂಬಳ ತಿಂಗಳ ಇಪ್ಪತ್ತೈದಕ್ಕೆ ಬರುತ್ತದೆ.

ಹಡಗುಕಟ್ಟೆಯ ಬೆಂಚಿನಲ್ಲಿ ಡಬ್ಬಿ ಕಾಫಿ.
ಸ್ಕೂಟರಿನಲ್ಲಿ ಹೋದಳು ತೊವಾಕೊ, ಬುಟ್ಟಿಯಲ್ಲಿ ಈರುಳ್ಳಿ ದಂಟು,
ಹಾರನ್ನು ಹೊಡೆದಳು, ತಿರುಗಿ ನೋಡಲಿಲ್ಲ.

ಶೂ ಒಳಗೆ ಏನೋ ಕೆರೆಯುತ್ತಿತ್ತು, ಬಿಚ್ಚಿ ನೋಡಿದೆ:
ತೂತಿನಿಂದಾಚೆಯ ಹೆಬ್ಬೆರಳಿನ ಸುತ್ತ
ಒಣಗಿದ ಬಿಳಿ ಗೆರೆ.
ನಾಲಿಗೆಗೆ ತಾಗಿಸಿಕೊಳ್ಳುವಷ್ಟು
ಈಗ ಬಾಗುವುದಿಲ್ಲ ನನ್ನ ಮೈ.
ಬೆರಳದ್ದಿ ನೋಡೋಣವೆಂದರೆ
ಹಗ್ಗ ಎಸೆದರು, ಹಡಗು ಬಂತು.